ಬಾರ್ತ್ ಇಲಿಗಳ ಪ್ರಾಜೆಕ್ಟ್: ನಾಲ್ಕು ತಿಂಗಳು ದಾಟಿದ ಮೇಲೆ

ಬಾರ್ತ್ ಸಿಂಡ್ರೋಮ್ ಎಂಬ, ಜೀನಿನ ದೋಷದಿಂದ ಬರುವ ಹೃದಯದ ಕಾಯಿಲೆಯನ್ನು ಇಲಿಗಳಲ್ಲಿ ನೋಡುತ್ತಿದ್ದೇವೆ. ಹಿಂದಿನ ಸಲ ಬರೆದಾಗ ಮರಿಗಳು ಇನ್ನೂ ತಾಯಿಯ ಹಾಲು ಬಿಟ್ಟಿರಲಿಲ್ಲ. ಈಗ ಅವಕ್ಕೆ ನಾಲ್ಕು ತಿಂಗಳು ದಾಟಿದೆ. ಹೃದಯದ ಕೋಶಗಳೊಳಗಿನ ಒಂದು ಕೊಬ್ಬನ್ನು ಅಳೆದರೆ ಕಾಯಿಲೆ ಎದ್ದು ಕಾಣುತ್ತದೆ. ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಮಾಡಿದರೆ ಏನೂ ಇಲ್ಲ. ಇದು ಗೊತ್ತಿದ್ದದ್ದೇ, ಈ ಇಲಿಗಳಲ್ಲಿ ಹೃದಯ ಸೋಲುವುದು ಏಳೆಂಟು ತಿಂಗಳ ಹೊತ್ತಿಗೆ. ಹಾಗಾಗಿ ಈ ಸಲದ ವರದಿಯಲ್ಲಿ ಫಲಿತಾಂಶಕ್ಕಿಂತ ಹೋಲಿಕೆಗೆ ಇಟ್ಟ ಗುಂಪುಗಳ, ಅಂದರೆ ಕಂಟ್ರೋಲ್‌ಗಳ ಮಾತೇ ಜಾಸ್ತಿ.

ಹೊಸಬರಿಗೆ ಚಿಕ್ಕದಾಗಿ ಹೇಳುತ್ತೇನೆ. 1983ರಲ್ಲಿ ನೆದರ್‌ಲ್ಯಾಂಡ್ಸ್‌ನ ಡಾಕ್ಟರ್ ಪೀಟರ್ ಬಾರ್ತ್ ಒಂದು ದೊಡ್ಡ ಕುಟುಂಬದ ಗಂಡುಮಕ್ಕಳಲ್ಲಿ ಈ ಕಾಯಿಲೆಯನ್ನು ವಿವರಿಸಿದರು. ಹೃದಯ ಹಿಗ್ಗಿ ಸೋಲುತ್ತದೆ, ಸ್ನಾಯುಗಳಲ್ಲಿ ಬಲ ಇರುವುದಿಲ್ಲ, ರಕ್ತದಲ್ಲಿ ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಕಮ್ಮಿ. ಕಾರಣವಾದ ಜೀನ್ ಸಿಕ್ಕಿದ್ದು 1996ರಲ್ಲಿ. ಅದು ಎಕ್ಸ್ ಕ್ರೋಮೋಸೋಮ್ ಮೇಲಿದೆ. ಅದಕ್ಕೇ ಕಾಯಿಲೆ ಹೆಚ್ಚಾಗಿ ಗಂಡುಮಕ್ಕಳಿಗೆ ಬರುತ್ತದೆ, ದೋಷವಿರುವ ಜೀನ್ ಕೊಟ್ಟ ತಾಯಿ ಸಾಮಾನ್ಯವಾಗಿ ಆರಾಮಾಗಿರುತ್ತಾಳೆ.

ಆ ಜೀನ್ ತಯಾರಿಸುವ ಪ್ರೋಟೀನ್ ಟಫಾಜಿನ್. ಕೋಶಕ್ಕೆ ಶಕ್ತಿ ತಯಾರಿಸಿಕೊಡುವ ಮೈಟೋಕಾಂಡ್ರಿಯಾದ ಒಳಪೊರೆಯಲ್ಲಿರುವ ಕಾರ್ಡಿಯೋಲಿಪಿನ್ ಎಂಬ ಕೊಬ್ಬನ್ನು ತಿದ್ದಿ ಸರಿಮಾಡುವುದು ಅದರ ಕೆಲಸ. ಕಾರ್ಡಿಯೋಲಿಪಿನ್‌ಗೆ ನಾಲ್ಕು ಬಾಲ. ಆರೋಗ್ಯವಂತ ಹೃದಯದಲ್ಲಿ ಹೆಚ್ಚಿನಪಾಲು ನಾಲ್ಕೂ ಬಾಲಗಳು ಲಿನೋಲೆಯಿಕ್ ಆಮ್ಲವೇ, ಸೂರ್ಯಕಾಂತಿ ಎಣ್ಣೆಯಲ್ಲಿ ಇರುತ್ತದಲ್ಲ, ಅದೇ. ಟಫಾಜಿನ್ ಇಲ್ಲದಿದ್ದರೆ ಮೂರೇ ಬಾಲದ ಅರೆಬರೆ ರೂಪ ಸೇರಿಕೊಳ್ಳುತ್ತದೆ. ಆಗ ಶಕ್ತಿ ತಯಾರಿಸುವ ಪ್ರೋಟೀನುಗಳು ಪೊರೆಯಲ್ಲಿ ಒಟ್ಟಿಗೆ ನಿಲ್ಲುವುದಿಲ್ಲ. ಅಂದಹಾಗೆ, ಕಾರ್ಡಿಯೋಲಿಪಿನ್ ಮೊದಲು ಸಿಕ್ಕಿದ್ದು 1942ರಲ್ಲಿ, ದನದ ಹೃದಯದಿಂದ. ಸಿಫಿಲಿಸ್‌ಗೆ ಮಾಡುವ ವಿಡಿಆರ್‌ಎಲ್ ರಕ್ತಪರೀಕ್ಷೆಯಲ್ಲಿ ಬಳಸುವುದೂ ಇದನ್ನೇ.

ಮೂರು ಬಾಲದ್ದಕ್ಕೂ ನಾಲ್ಕು ಬಾಲದ್ದಕ್ಕೂ ಇರುವ ಅನುಪಾತವನ್ನು ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ನೋಡಿದೆವು. ಅನುಮಾನಕ್ಕೆ ಜಾಗವೇ ಇಲ್ಲ. ಯಾವ ಇಲಿ ಯಾವ ಗುಂಪಿನದು ಎಂದು ಹೇಳದೆ ಕೊಟ್ಟರೂ ಗ್ರಾಫ್ ನೋಡಿ ಬೇರೆ ಮಾಡಬಹುದು. ಮನುಷ್ಯರಲ್ಲೂ ಕಾಯಿಲೆಯನ್ನು ಖಚಿತಪಡಿಸಲು ಇದೇ ಅನುಪಾತ ನೋಡುತ್ತಾರೆ, ಒಂದು ಹನಿ ಒಣಗಿದ ರಕ್ತ ಸಾಕು.

ಈಗ ತಲೆನೋವಿನ ಭಾಗ. ಈ ಇಲಿಗಳಲ್ಲಿ ಜೀನ್ ಪೂರ್ತಿ ತೆಗೆದಿಲ್ಲ. ಪೂರ್ತಿ ತೆಗೆದರೆ ಹೆಚ್ಚಿನ ಮರಿಗಳು ಹುಟ್ಟುವ ಹೊತ್ತಿಗೇ ಸಾಯುತ್ತವೆ. ಆದ್ದರಿಂದ ಆಹಾರದಲ್ಲಿ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಬೆರೆಸಿ ಕೊಟ್ಟಾಗ ಮಾತ್ರ ಜೀನಿನ ಬಾಯಿ ಮುಚ್ಚುವ ವ್ಯವಸ್ಥೆ ಮಾಡಿದ್ದಾರೆ. ಊರಲ್ಲಿ ಇಲಿಜ್ವರಕ್ಕೆ ಕೊಡುವ ಅದೇ ಡಾಕ್ಸಿ. ಇಲ್ಲಿ ಇಲಿಗೇ ತಿನ್ನಿಸುತ್ತಿದ್ದೇವೆ ಎಂದು ಅಮ್ಮನಿಗೆ ಹೇಳಿದರೆ ನಂಬಲಿಲ್ಲ.

ಡಾಕ್ಸಿ ತಡೆಯುವುದು ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು. ಮೈಟೋಕಾಂಡ್ರಿಯಾ ಕೂಡ ಬ್ಯಾಕ್ಟೀರಿಯಾದ ವಂಶದ್ದೇ ಅಲ್ವಾ? ಅದರ ರೈಬೋಸೋಮ್, ಅಂದರೆ ಪ್ರೋಟೀನ್ ತಯಾರಿಸುವ ಯಂತ್ರ, ಬ್ಯಾಕ್ಟೀರಿಯಾದ್ದನ್ನು ಹೋಲುತ್ತದೆ. ಡಾಕ್ಸಿ ಅದಕ್ಕೂ ತೊಂದರೆ ಕೊಡುತ್ತದೆ ಎಂದು 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನ ಗುಂಪೊಂದು ನೊಣ, ಇಲಿ, ಗಿಡಗಳಲ್ಲೂ ತೋರಿಸಿತು. ಅಂದರೆ ಮೈಟೋಕಾಂಡ್ರಿಯಾದ ಕಾಯಿಲೆ ನೋಡಲು ಮೈಟೋಕಾಂಡ್ರಿಯಾಕ್ಕೇ ತೊಂದರೆ ಕೊಡುವ ಔಷಧಿ ತಿನ್ನಿಸುತ್ತಿದ್ದೇವೆ. ಡಾಕ್ಸಿ ತಿಂದ ಇಲಿಯನ್ನು ಸಾದಾ ಆಹಾರ ತಿಂದ ಇಲಿಗೆ ಹೋಲಿಸಿದರೆ ಏನೂ ಹೇಳಿದಂತಾಗುವುದಿಲ್ಲ. ಅದಕ್ಕೆ ಮೂರು ಗುಂಪು ಇಟ್ಟಿದ್ದೇವೆ: ಬಾರ್ತ್ ಇಲಿ, ಅದೇ ಡಾಕ್ಸಿ ತಿನ್ನುವ ಅದರ ಆರೋಗ್ಯವಂತ ಒಡಹುಟ್ಟು, ಸಾದಾ ಆಹಾರದ ಇನ್ನೊಂದು ಒಡಹುಟ್ಟು. ಖರ್ಚು ಜಾಸ್ತಿ, ಕೇಜ್‌ಗಳೂ ಜಾಸ್ತಿ. ಆದರೂ ಮೂರನೇ ಗುಂಪನ್ನು ಬಿಡಬಾರದು ಎಂದು ಹಟ ಹಿಡಿದೆ. ಹೃದಯದ ನಾರುಗಳು ಎಷ್ಟು ಆಮ್ಲಜನಕ ಬಳಸುತ್ತವೆ ಎಂದು ನೋಡಿದಾಗ ಆರೋಗ್ಯವಂತ ಎರಡು ಗುಂಪುಗಳ ನಡುವೆಯೇ ಸಣ್ಣ ವ್ಯತ್ಯಾಸ ಕಾಣಿಸುತ್ತಿದೆ. ಬಾರ್ತ್ ಗುಂಪು ಅದಕ್ಕಿಂತಲೂ ಕೆಳಗಿದೆ, ಸದ್ಯ ಅಷ್ಟೇ ಸಮಾಧಾನ.

ಇಲಿಯ ತಳಿಯದ್ದೂ ಒಂದು ಕಥೆ. ಎಲ್ಲರೂ ಬಳಸುವ ಕಪ್ಪು ಇಲಿ ಬ್ಲ್ಯಾಕ್ ಸಿಕ್ಸ್‌ನಲ್ಲಿ ಜೆ ಮತ್ತು ಎನ್ ಎಂಬ ಎರಡು ಉಪತಳಿಗಳಿವೆ. ನೋಡಲು ಒಂದೇ ಥರ. ಆದರೆ ಜೆ ತಳಿಯಲ್ಲಿ ಎನ್‌ಎನ್‌ಟಿ ಎಂಬ ಜೀನ್ ಮುರಿದಿದೆ, ಎನ್ ತಳಿಯಲ್ಲಿ ಸರಿಯಿದೆ. ಆ ಜೀನಿನ ಪ್ರೋಟೀನ್ ಕೆಲಸ ಮಾಡುವುದು ಮೈಟೋಕಾಂಡ್ರಿಯಾದ ಒಳಪೊರೆಯಲ್ಲೇ. ಎರಡನ್ನೂ ಬೆರಕೆ ಮಾಡಿ ಸುಮ್ನೆ ‘ಬ್ಲ್ಯಾಕ್ ಸಿಕ್ಸ್’ ಎಂದು ಬರೆದುಬಿಟ್ಟರೆ ಹೃದಯದ ಲೆಕ್ಕವೇ ತಪ್ಪಬಹುದು. ನಮ್ಮ ಎಲ್ಲ ಇಲಿಗಳಿಗೂ ಎನ್‌ಎನ್‌ಟಿ ಪಿಸಿಆರ್ (ಜೀನ್ ಪರೀಕ್ಷೆ) ಮುಗಿಯಿತು. ಎಲ್ಲದರಲ್ಲೂ ಆ ಜೀನ್ ಒಂದೇ ಥರ ಇದೆ.

ಎಕೋ ಬಗ್ಗೆ ಕೇಳಿದವರಿಗೆ. ಇಲಿಯ ಹೃದಯ ನಿಮಿಷಕ್ಕೆ 500–600 ಸಲ ಬಡಿಯುತ್ತದೆ. ಎದೆಯ ಕೂದಲನ್ನು ಕ್ರೀಮ್ ಹಚ್ಚಿ ತೆಗೆದು, ಬೆಚ್ಚನೆಯ ಹಲಗೆಯ ಮೇಲೆ ಮಲಗಿಸಿ, ಐಸೋಫ್ಲೂರೇನ್ ಎಂಬ ಅರಿವಳಿಕೆ ಮೂಸಿಸಬೇಕು. ಅದು ಸ್ವಲ್ಪ ಹೆಚ್ಚಾದರೂ ಬಡಿತ ಬೀಳುತ್ತದೆ, ಹೃದಯ ಹಿಂಡುವ ಶಕ್ತಿಯೂ ಇಳಿಯುತ್ತದೆ. ಗಟ್ಟಿಮುಟ್ಟಾದ ಇಲಿಯೂ ಹೃದ್ರೋಗಿಯ ಥರ ಕಾಣುತ್ತದೆ. ಅದಕ್ಕೇ ಬಡಿತ 450ಕ್ಕಿಂತ ಕೆಳಗಿದ್ದರೆ ಆ ಅಳತೆ ಬೇಡ ಎಂದು ಮೊದಲೇ ಬರೆದಿಟ್ಟಿದ್ದೇವೆ. ವಿಡಿಯೋ ನೋಡಿ ಅಳೆಯುವವರಿಗೆ ಗುಂಪು ಯಾವುದೆಂದು ಗೊತ್ತಿರುವುದಿಲ್ಲ.

ಇಷ್ಟು ಕಟ್ಟುನಿಟ್ಟು ಯಾಕೆ ಎಂದರೆ ಮುಂದೆ ಬರುವುದು ಚಿಕಿತ್ಸೆಯ ಭಾಗ. ಕಾರ್ಡಿಯೋಲಿಪಿನ್‌ಗೆ ಅಂಟಿಕೊಳ್ಳುವ ಎಲಾಮಿಪ್ರೆಟೈಡ್‌ಗೆ ಅಮೆರಿಕದ ಎಫ್‌ಡಿಎ 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಬಾರ್ತ್‌ಗೆ ಒಪ್ಪಿಗೆ ಸಿಕ್ಕ ಮೊದಲ ಔಷಧಿ ಅದು. ಆದರೆ ಒಪ್ಪಿಗೆಗೆ ಆಧಾರ ಮೊಣಕಾಲು ಚಾಚುವ ಸ್ನಾಯುವಿನ ಬಲ, ಹೃದಯ ಅಲ್ಲ. ಜೀನ್ ಚಿಕಿತ್ಸೆಯ ಕಡೆ, ಬಾಸ್ಟನ್ನಿನ ಗುಂಪು 2020ರಲ್ಲಿ ವೈರಸ್ ಮೂಲಕ ಇಲಿಗಳಿಗೆ ಸರಿಯಾದ ಜೀನ್ ಕೊಟ್ಟು ಹೃದಯ ಉಳಿಸಿತು. ಅದಕ್ಕೆ ಹೃದಯದ ಸುಮಾರು 70% ಸ್ನಾಯುಕೋಶಗಳಿಗೆ ಜೀನ್ ಮುಟ್ಟಬೇಕಾಯಿತು. ಇಲಿಯ ಪುಟ್ಟ ಹೃದಯದಲ್ಲಿ ಅದು ಆಗುತ್ತದೆ. ಮಗುವಿನ ಹೃದಯದಲ್ಲಿ ಅಷ್ಟು ಮುಟ್ಟಿಸುವುದು ಸುಲಭ ಅಲ್ಲ ಎಂದು ನನಗನ್ನಿಸುತ್ತದೆ.

ಮುಂದಿನ ಎಕೋ ಆರು ತಿಂಗಳಿಗೆ, ಆಮೇಲೆ ಎಂಟಕ್ಕೆ. ನಡುವೆ ಟ್ರೆಡ್‌ಮಿಲ್ ಓಟ ಇದೆ. ಅಷ್ಟರಲ್ಲಿ ಡಾಕ್ಸಿ ಆಹಾರದ ಹೊಸ ಚೀಲ ತರಿಸಬೇಕು, ಅದೂ ಹಳೆಯ ಕಂಪನಿಯದ್ದೇ, ಅದೇ ಪ್ರಮಾಣದ್ದೇ.