ಹಳೇ ಹಂಚಿನ ಕಾಲೇಜು

ನಿನ್ನೆ ಮಡಿಕೇರಿಯಲ್ಲಿ ನಾನು ಓದಿದ ಕಾಲೇಜಿಗೆ ಹೋಗಿದ್ದೆ. ಹಳೇ ಹಂಚಿನ ಕಟ್ಟಡವನ್ನು ಕೆಡವುತ್ತಿಲ್ಲ, ರಿಪೇರಿ ಮಾಡುತ್ತಿದ್ದಾರೆ. ಎಷ್ಟು ಖುಷಿಯಾಯಿತು ಗೊತ್ತಾ!

ಹೊಸ ಬ್ಲಾಕಿಗೆ ಗುಡ್ಡ ಕಡಿದಿಲ್ಲ. ಇಳಿಜಾರಿನಲ್ಲಿ ಲಾವಂಚ ನೆಟ್ಟಿದ್ದಾರೆ. ಅದರ ಬೇರು ನೇರ ಆಳಕ್ಕಿಳಿದು ಮಣ್ಣನ್ನು ಹಿಡಿದುಕೊಳ್ಳುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ್ದನ್ನು ನೋಡಿದ ನಮಗೆ ಇದು ಸಣ್ಣ ವಿಷಯ ಅಲ್ಲ.

ಇನ್ನು ನೀರು. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ. ಅಂದರೆ 100 ಚದರ ಮೀಟರ್ ಮಾಡಿನ ಮೇಲೇ 3 ಲಕ್ಷ ಲೀಟರ್ ಬೀಳುತ್ತದೆ! ಆದರೂ ನಮ್ಮ ಕಾಲದಲ್ಲಿ ಮಾರ್ಚ್ ಬಂದರೆ ಹಾಸ್ಟೆಲ್‌ನಲ್ಲಿ ಟ್ಯಾಂಕರ್‌ಗೆ ಕಾಯುತ್ತಿದ್ದೆವು. ಈಗ ಮಾಡಿನ ನೀರು ತೊಟ್ಟಿಗೆ ಹೋಗುತ್ತದೆ. ಇದನ್ನು ಮೊದಲೇ ಮಾಡಬಹುದಿತ್ತು ಅಲ್ವಾ?

ಗೇಟಿನ ಪಕ್ಕದ ಹಲಸಿನ ಮರ ಹಾಗೇ ಇದೆ. ಅದರ ಕೆಳಗೆ ಸುಮ್ನೆ ಅರ್ಧ ಗಂಟೆ ಕೂತು ಬಂದೆ.