ಟೀಚರೇ ಇಲ್ಲದೆ ಜರ್ಮನ್ ಹೇಗೆ ಕಲಿತ್ರಿ ಅಂತ ಕೇಳುವವರಿಗೆ

ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. "ಹೋಟೆಲ್‌ನಲ್ಲಿ ಕೆಲಸ ಮಾಡ್ಕೊಂಡು, ಹೈಸ್ಕೂಲ್ ಓದ್ಕೊಂಡು, ಟೀಚರೇ ಇಲ್ಲದೆ ಪೋಸ್ಟಲ್ಲಿ ಜರ್ಮನ್ ಕಲಿತ್ರಂತೆ? ಅದು ಹೇಗೆ ಸಾಧ್ಯ?" ಕೇಳುವ ಧಾಟಿ ನೋಡಿದರೆ, ನೀರಿಲ್ಲದೆ ಈಜು ಕಲಿತೆ ಅಂತ ನಾನು ಊರೆಲ್ಲ ಹೇಳಿಕೊಂಡು ಬಂದಿದ್ದೇನೆ ಅನ್ನಬೇಕು.

ಇದರ ಹಿಂದೆಯೇ ಇನ್ನೊಂದು ಬರುತ್ತದೆ. "ಎಲ್ಲಿ, ಒಂದು ವಾಕ್ಯ ಹೇಳಿ ನೋಡೋಣ." ಡೊಂಬಿವ್ಲಿಯ ಮದುವೆ ಹಾಲ್‌ನಲ್ಲಿ, ಕೈಯಲ್ಲಿ ಪಾಯಸದ ಲೋಟ ಹಿಡಿದು ನಿಂತಾಗ. ನಾನು ಶುದ್ಧ ಜರ್ಮನಿನಲ್ಲಿ "ಈ ಹಾಲ್‌ನ ಫ್ಯಾನು ತಿರುಗುತ್ತಿಲ್ಲ, ಸಾರಿಗೆ ಉಪ್ಪು ಜಾಸ್ತಿಯಾಗಿದೆ" ಅನ್ನುತ್ತೇನೆ. ಎಲ್ಲರೂ ತಲೆದೂಗುತ್ತಾರೆ. ಒಬ್ಬರು ಚಪ್ಪಾಳೆ ತಟ್ಟಿದ್ದೂ ಉಂಟು.

ಚಿಕ್ಕ ಉತ್ತರ ಬೇಕಾದವರಿಗೆ: ರೇಡಿಯೋ ಕೇಳಿದೆ, ಪುಸ್ತಕ ಓದಿದೆ, ಮತ್ತೆ ರೇಡಿಯೋ ಕೇಳಿದೆ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ಎದ್ದು ಹೋಗಬಹುದು.

ಉಳಿದವರಿಗೆ ಸ್ವಲ್ಪ ಉದ್ದದ ಉತ್ತರ. ತೊಂಬತ್ತರ ದಶಕ. ಮುಂಬಯಿಯ ಫೋರ್ಟ್‌ನಲ್ಲಿ ಒಂದು ಉಡುಪಿ ಹೋಟೆಲ್. ನಾನು ಕುಂದಾಪುರದ ಕಡೆಯಿಂದ ಬಂದ ಮಾಣಿ. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ, ಹಾಗಾಗಿ ನಮ್ಮದು ಆಗಿನ್ನೂ ದಕ್ಷಿಣ ಕನ್ನಡವೇ. ಹಗಲು ಹೋಟೆಲ್, ಸಂಜೆ ಕನ್ನಡ ರಾತ್ರಿ ಶಾಲೆ. ನಮ್ಮಂಥ ಹೋಟೆಲ್ ಹುಡುಗರಿಗಾಗಿಯೇ ಕರಾವಳಿಯ ಹಿರಿಯರು ಮುಂಬಯಿಯಲ್ಲಿ ಕಟ್ಟಿದ ಶಾಲೆಗಳು ಅವು. ಎಸ್ಸೆಸ್ಸಿಗೆ, ಅಂದರೆ ಇಲ್ಲಿನ ಹತ್ತನೇ ಕ್ಲಾಸಿನ ಪರೀಕ್ಷೆಗೆ, ಜರ್ಮನ್ ಕಲಿಸುವ ಶಾಲೆಗಳೂ ಈ ಊರಲ್ಲಿ ಇದ್ದವು. ನಮ್ಮದು ಆ ಸಾಲಿನದಲ್ಲ. ಗಣಿತದ ಮೇಷ್ಟ್ರು ಆಫೀಸು ಮುಗಿಸಿ ಲೋಕಲ್ ಹಿಡಿದು ಹೊತ್ತಿಗೆ ಸರಿಯಾಗಿ ಬಂದರೆ ಅದೇ ನಮಗೆ ಭಾಗ್ಯ.

ತಮಾಷೆ ಕೇಳಿ. ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನ ನಮ್ಮ ಹೋಟೆಲ್‌ನಿಂದ ನಡೆದು ಹೋಗುವಷ್ಟೇ ದೂರ, ಕಾಲಾ ಘೋಡಾದಲ್ಲಿ. ಅದರ ಮುಂದೆ ಪಾರ್ಸೆಲ್ ಹಿಡಿದು ಓಡಾಡಿದ್ದೇನೆ. ಆದರೆ ಅಲ್ಲಿ ಕ್ಲಾಸ್ ನಡೆಯುವ ಹೊತ್ತಿಗೆ ನಾನು ಒಂದೋ ಟೇಬಲ್ ಒರೆಸುತ್ತಿರುತ್ತಿದ್ದೆ, ಇಲ್ಲ ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತಿರುತ್ತಿದ್ದೆ. ಅವರ ತಪ್ಪೇನೂ ಇಲ್ಲ. ಒಟ್ಟಿನಲ್ಲಿ, ಪಕ್ಕದ ರಸ್ತೆಯಲ್ಲಿ ಸಿಗುತ್ತಿದ್ದ ಭಾಷೆಯನ್ನು ನಾನು ಜರ್ಮನಿಯ ಕೊಲೋನ್ ಊರಿನಿಂದ ತರಿಸಿಕೊಂಡೆ.

ಕೊಲೋನ್‌ನಲ್ಲಿ ಆಗ ಡಾಯ್ಚೆ ವೆಲ್ಲೆ ರೇಡಿಯೋ ಇತ್ತು, ಜರ್ಮನಿಯಿಂದ ಹೊರದೇಶಗಳಿಗೆ ಬಿತ್ತರಿಸುವ ಸಂಸ್ಥೆ. 2003ರಲ್ಲಿ ಅದು ಬಾನ್‌ಗೆ ಹೋಯಿತು. ಶಾರ್ಟ್‌ವೇವ್‌ನಲ್ಲಿ ಜರ್ಮನ್ ಪಾಠ ಬಿತ್ತರಿಸುತ್ತಿತ್ತು. ಶ್ರೀಲಂಕಾದ ಟ್ರಿಂಕೋಮಲಿಯಲ್ಲಿ ಅವರದೇ ಪ್ರಸಾರ ಕೇಂದ್ರ ಇದ್ದದ್ದರಿಂದ ನಮ್ಮ ಕಡೆ ಪರವಾಗಿಲ್ಲ ಅನ್ನುವಷ್ಟು ಕೇಳಿಸುತ್ತಿತ್ತು. ಕಾಗದ ಬರೆದರೆ ಪಾಠದ ಪುಸ್ತಕ ಪುಕ್ಕಟೆ ಕಳಿಸುತ್ತಿದ್ದರು. ಒಟ್ಟು ನಾಲ್ಕು ಭಾಗ, ಭಾಗಕ್ಕೆ 26 ಪಾಠ. ವಿವರಣೆಯೆಲ್ಲ ಇಂಗ್ಲಿಷ್‌ನಲ್ಲಿ. ನಾನು ಕನ್ನಡ ಮಾಧ್ಯಮ. ಹಾಗಾಗಿ ಒಂದು ಭಾಷೆಯ ಖರ್ಚಿನಲ್ಲಿ ಎರಡು ಭಾಷೆ ಕಲಿತ ಹಾಗಾಯಿತು. ಖರ್ಚು ಅಂದರೆ ಒಂದು ಏರೋಗ್ರಾಮ್, ವಿದೇಶಕ್ಕೆ ಬರೆಯುವ ಅಂಚೆ ಕಾಗದ.

"ಆದ್ರೂ ಟೀಚರ್ ಇಲ್ಲದೆ..." ಅಂತ ಮತ್ತೆ ಶುರು ಮಾಡುತ್ತಾರೆ. ಸ್ವಾಮಿ, ಅಂಚೆಯಲ್ಲಿ ಭಾಷೆ ಕಲಿಸುವುದು ನಾನು ಕಂಡುಹಿಡಿದ ವಿದ್ಯೆ ಅಲ್ಲ. 1856ರಲ್ಲೇ ಬರ್ಲಿನ್‌ನಲ್ಲಿ ತೂಸ್ಸಾಂ ಮತ್ತು ಲಾಂಗೆನ್‌ಶೈಟ್ ಅನ್ನುವ ಇಬ್ಬರು ಸೇರಿ ಜರ್ಮನ್ನರಿಗೆ ಫ್ರೆಂಚ್ ಕಲಿಸುವ ಪಾಠಗಳನ್ನು ಅಂಚೆಯಲ್ಲಿ ಕಳಿಸಿದರು. ಶಾಲೆಯ ಮಕ್ಕಳಿಗೂ ಇದು ಹೊಸದಲ್ಲ. ನ್ಯೂಜಿಲೆಂಡ್‌ನಲ್ಲಿ 1922ರಿಂದ ಅಂಚೆ ಶಾಲೆ ಇದೆ. ನಮ್ಮಲ್ಲೂ ಸಿಬಿಎಸ್‌ಇ 1979ರಲ್ಲಿ ಮುಕ್ತ ಶಾಲೆ ಶುರು ಮಾಡಿ, 1989ರಲ್ಲಿ ಅದು ಬೇರೆ ಸಂಸ್ಥೆಯೇ ಆಯಿತು. ಈಗ ಎನ್‌ಐಒಎಸ್ ಅನ್ನುತ್ತೇವಲ್ಲ, ಅದೇ. ಇದನ್ನೆಲ್ಲ ಮದುವೆ ಹಾಲ್‌ನಲ್ಲಿ ಹೇಳಿದರೆ ಜನ ಐಸ್‌ಕ್ರೀಮ್ ಕೌಂಟರ್ ಕಡೆ ಜಾರಿಕೊಳ್ಳುತ್ತಾರೆ.

ಹಾಗಂತ ಟೀಚರ್ ಬೇಡ ಅಂತ ನಾನು ಹೇಳುತ್ತಿಲ್ಲ. ಟೀಚರ್ ಇಲ್ಲದ್ದರ ನಷ್ಟ ನನ್ನ ಬಾಯಲ್ಲಿ ಇವತ್ತೂ ಇದೆ. ಉಚ್ಚಾರ ಬರೆದುಕೊಂಡದ್ದು ಕನ್ನಡ ಅಕ್ಷರದಲ್ಲಿ. ಜರ್ಮನಿನ ಕೆಲವು ಸ್ವರಗಳಿಗೆ ನಮ್ಮಲ್ಲಿ ಅಕ್ಷರವೇ ಇಲ್ಲ. ತುಟಿ ದುಂಡಗೆ ಮಾಡಿ ಒಳಗೆ 'ಈ' ಅನ್ನಬೇಕು. ರೇಡಿಯೋ ಅದನ್ನು ಕೇಳಿಸುತ್ತದೆ, ಆದರೆ ನಿನ್ನ ತುಟಿ ಎಲ್ಲಿದೆ ಅಂತ ಅದಕ್ಕೆ ಕಾಣುವುದಿಲ್ಲ. ಒಮ್ಮೆ ಹೋಟೆಲ್‌ಗೆ ಬಂದ ಬಿಳಿಯ ಗಿರಾಕಿಗಳಿಬ್ಬರು ತಮ್ಮೊಳಗೆ ಮಾತಾಡಿಕೊಳ್ಳುತ್ತಿದ್ದರು. ಜರ್ಮನ್ ಇರಬಹುದು ಅನ್ನಿಸಿತು, ಆದರೆ ಒಂದಕ್ಷರ ತಿಳಿಯಲಿಲ್ಲ. ಇಷ್ಟು ದಿನ ಕಲಿತದ್ದೆಲ್ಲ ಸುಳ್ಳಾ ಅಂತ ಕೈಕಾಲು ತಣ್ಣಗಾಯಿತು. ಧೈರ್ಯ ಮಾಡಿ ಪುಸ್ತಕದ ಜರ್ಮನಿನಲ್ಲೇ ಏನು ಬೇಕು ಅಂತ ಕೇಳಿದೆ. ಇಬ್ಬರೂ ನಕ್ಕು, ತಾವೂ ಪುಸ್ತಕದ ಜರ್ಮನಿಗೆ ಇಳಿದರು. ಎಲ್ಲ ತಿಳಿಯಿತು. ಅವರು ಸ್ವಿಟ್ಜರ್ಲೆಂಡಿನವರು. ಆ ಕಡೆಯ ಮನೆಮಾತು ಜರ್ಮನಿಯವರಿಗೇ ಸುಲಭಕ್ಕೆ ಅರ್ಥವಾಗುವುದಿಲ್ಲವಂತೆ. ಎರಡು ಮಸಾಲೆ ದೋಸೆ, ಎರಡು ಚಹಾ. ಟಿಪ್ಸು ಚೆನ್ನಾಗಿಯೇ ಕೊಟ್ಟರು.

ಇಷ್ಟನ್ನು ನಾನು ನಗುತ್ತಲೇ ಹೇಳಿಕೊಂಡು ಬಂದವನು. ತಾಳ್ಮೆ ಕೆಟ್ಟದ್ದು ಕಳೆದ ವರ್ಷ, ಒಂದು ಸಂಘದ ವಾರ್ಷಿಕೋತ್ಸವದಲ್ಲಿ. ಯಕ್ಷಗಾನಕ್ಕೆ ವೇಷ ಕಟ್ಟುತ್ತಿದ್ದರು, ಹೊತ್ತಿತ್ತು. ಒಬ್ಬರು ಒಂಬತ್ತನೇ ಕ್ಲಾಸಿನ ಮಗನನ್ನು ಕರೆದುಕೊಂಡು ಬಂದರು. ಮಗನಿಗೆ ಆನ್‌ಲೈನ್‌ನಲ್ಲಿ ಜರ್ಮನ್ ಹಾಕಿಸಿದ್ದಾರೆ. ಅವನಿಗೆ ಬೋರಂತೆ.

"ಸರ್, ಇವನಿಗೆ ನಿಮ್ಮ ಕಥೆ ಸ್ವಲ್ಪ ಹೇಳಿ. ನಿಮ್ಮ ಕಾಲದಲ್ಲಿ ಏನೂ ಇರ್ಲಿಲ್ಲ. ಇವನಿಗೆ ಲ್ಯಾಪ್‌ಟಾಪ್ ಇದೆ, ವೈಫೈ ಇದೆ, ಬೇರೆ ರೂಮಿದೆ. ಆದ್ರೂ ಓದಲ್ಲ."

ಹುಡುಗ ನೆಲ ನೋಡುತ್ತಾ ನಿಂತಿದ್ದ. ಏನು ಕಷ್ಟ ಅಂತ ನಾನು ಅವನನ್ನೇ ಕೇಳಿದೆ.

"ಯಾರ ಹತ್ರ ಮಾತಾಡ್ಲಿ ಅಂಕಲ್? ಕ್ಲಾಸಲ್ಲಿ ಎಲ್ರನ್ನೂ ಮ್ಯೂಟಲ್ಲಿ ಇಟ್ಟಿರ್ತಾರೆ."

ಅಪ್ಪ ನಕ್ಕರು. ನನಗೆ ನಗು ಬರಲಿಲ್ಲ. ಹುಡುಗ ಹೇಳಿದ್ದು ನೂರಕ್ಕೆ ನೂರು ಸರಿ. "ನೀವು ದಿನಾ ಇವನ ಪಾಠ ಕೇಳ್ತೀರಾ?" ಅಂತ ಅಪ್ಪನನ್ನು ಕೇಳಿದೆ.

"ನಂಗೆಲ್ಲಿ ಜರ್ಮನ್ ಬರುತ್ತೆ ಸರ್?"

"ನಮ್ಮ ಕ್ಯಾಶಿಯರಣ್ಣನಿಗೂ ಬರ್ತಿರಲಿಲ್ಲ" ಅಂದೆ, ಸ್ವಲ್ಪ ಜೋರಾಗಿಯೇ. ಅವರಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಚೆಂಡೆ ಶುರುವಾಯಿತು, ಮಾತು ಅಲ್ಲಿಗೇ ನಿಂತಿತು. ಬಾಕಿ ಇಲ್ಲಿ ಹೇಳುತ್ತೇನೆ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ. "ಆ ಪುಸ್ತಕ ಯಾವ ವಿಳಾಸಕ್ಕೆ ಬರ್ತಿತ್ತು?"

ಹೋಟೆಲ್ ಹುಡುಗರಿಗೆ ವಿಳಾಸ ಅನ್ನುವುದು ಇರುವುದಿಲ್ಲ. ರಾತ್ರಿ ಶಟರ್ ಎಳೆದ ಮೇಲೆ ಟೇಬಲ್ ಜೋಡಿಸಿ ಮಲಗುವುದು. ಟ್ರಂಕು ಅಟ್ಟದ ಮೇಲೆ, ಅಕ್ಕಿ ಮೂಟೆಯ ಪಕ್ಕ. ಊರಿನಿಂದ ಬರುವ ಇನ್‌ಲ್ಯಾಂಡ್ ಕಾಗದವೇ ಎಷ್ಟೋ ಸಲ ಕೈಗೆ ಸಿಗುತ್ತಿರಲಿಲ್ಲ. ಅಂಥದ್ದರಲ್ಲಿ ಜರ್ಮನಿಯ ಲಕೋಟೆ ನನಗೆ ತಲುಪಿದ್ದು ಕ್ಯಾಶಿಯರಣ್ಣನ ಹೆಸರಿನ ಕೆಳಗೆ, ಹೋಟೆಲ್ ವಿಳಾಸಕ್ಕೆ, ಬಾಂಬೆ 400001. ಗಲ್ಲೆಯ ಮೇಲಿಂದ ಅದನ್ನು ಎತ್ತಿ ಹಿಡಿದು ಅವರು ಹೇಳಿದ ಮಾತು ಇನ್ನೂ ನೆನಪಿದೆ: "ಎಂತ ಮಾಣಿ, ಜರ್ಮನಿಯಿಂದ ಕಾಗ್ದ ಬಂದಿತ್. ಅಲ್ಲಿ ನಿಂಗ್ ಯಾರಿದ್ರ್?"

ರೇಡಿಯೋ ಕೂಡ ಅವರದೇ. ಟೂ ಇನ್ ಒನ್. ಪಾಠ ಬರುವ ಹೊತ್ತಿಗೆ ನಾನು ಸಪ್ಲೈಯಲ್ಲಿದ್ದರೆ ಅವರೇ ಬಟನ್ ಒತ್ತಿ ರೆಕಾರ್ಡ್ ಮಾಡಿಡುತ್ತಿದ್ದರು. ಹಳೆಯ ಯಕ್ಷಗಾನದ ಕ್ಯಾಸೆಟ್ ಮೇಲೆ. ಪಾಠ ಮುಗಿದ ಮೇಲೆ ಭಾಗವತರ ಪದ ಅರ್ಧದಿಂದ ಶುರುವಾಗುತ್ತಿತ್ತು.

ಇನ್ನೊಂದು ವಿಷಯ. ಆ ರೇಡಿಯೋ ಪಾಠ ಬರೀ ವ್ಯಾಕರಣ ಅಲ್ಲ, ಧಾರಾವಾಹಿಯ ಹಾಗೆ ಕಥೆ. ಕಥೆಯ ಹುಡುಗ ಆಂಡ್ರಿಯಾಸ್, ಪತ್ರಿಕೋದ್ಯಮ ಓದುವವನು. ಓದುತ್ತಲೇ ಆಖೆನ್ ಊರಿನ ಒಂದು ಹೋಟೆಲ್‌ನಲ್ಲಿ ಕೆಲಸ ಮಾಡುತ್ತಾನೆ. ಇದನ್ನು ಒಮ್ಮೆ ಬಾಯಿತಪ್ಪಿ ಹೇಳಿದ್ದೇ ಸೈ, ಕ್ಯಾಶಿಯರಣ್ಣ ಕಿವಿ ನೆಟ್ಟಗೆ ಮಾಡಿದರು. ಜರ್ಮನಿಯ ಹೋಟೆಲ್! ಅವತ್ತಿನಿಂದ ರಾತ್ರಿ ಗಲ್ಲೆ ಎಣಿಸುವಾಗ ನಾನು ಎದುರಿಗೆ ನಿಂತು ಅವತ್ತಿನ ಕಥೆ ಹೇಳಬೇಕು.

"ಆ ಮಾಣಿ ಎಂತ ಮಾಡ್ದ ಇವತ್ತ್?"

ಆಂಡ್ರಿಯಾಸ್‌ಗೆ ಒಬ್ಬಳು ಜೊತೆಗಾತಿ ಇದ್ದಾಳೆ. ಹೆಸರು ಎಕ್ಸ್. ಕಣ್ಣಿಗೆ ಕಾಣುವುದಿಲ್ಲ, ದನಿ ಮಾತ್ರ. ಅದು ಏನು ಅಂತ ವಿವರಿಸಲು ನಾನು ತಿಣುಕಿದೆ. ಕ್ಯಾಶಿಯರಣ್ಣನಿಗೆ ಅನುಮಾನವೇ ಇರಲಿಲ್ಲ. "ಕಾಂಬುಕೆ ಸಿಕ್ಕುದಿಲ್ಲ ಅಂದ್ರೆ ಭೂತವೇ ಸೈ. ಕೋಲ ಕೊಡ್ಲಿಕ್ಕಿಲ್ಯಾ ಅವ?" ಹೋಟೆಲ್ ವ್ಯವಹಾರದ ಬಗ್ಗೆಯೂ ಅವರಿಗೆ ತಕರಾರು ಜಾಸ್ತಿ. ಹುಡುಗ ಕೆಲಸದ ಹೊತ್ತಲ್ಲಿ ಭೂತದ ಸಂಗಡ ಮಾತಾಡಿಕೊಂಡು ಕೂತರೆ ಗಿರಾಕಿಯನ್ನು ಕೇಳುವವರು ಯಾರು?

ನನ್ನನ್ನು ನಿಜವಾಗಿ ತಿದ್ದಿದ್ದು ಈ ತಕರಾರುಗಳೇ. ಜರ್ಮನಿನಲ್ಲಿ ಯಾರು ಯಾರಿಗೆ ಕೊಟ್ಟರು ಅನ್ನುವುದು ನಾಮಪದಕ್ಕಿಂತ ಮೊದಲು ಬರುವ ಒಂದು ಪುಟ್ಟ ಪದದಲ್ಲಿ ಅಡಗಿರುತ್ತದೆ. ಡೇರ್ ಅಂದರೆ ಕೊಟ್ಟವನು, ಡೇಮ್ ಅಂದರೆ ತೆಗೆದುಕೊಂಡವನು. ಆ ಒಂದಕ್ಷರ ಸರಿಯಾಗಿ ಕೇಳಿಸಿಕೊಳ್ಳದಿದ್ದರೆ ಕಥೆಯೇ ಉಲ್ಟಾ. ತಿಳಿಯದ ಕಡೆ ನಾನು ಅಂದಾಜಿನಲ್ಲಿ ಹೇಳಿ ದಾಟಿಸುತ್ತಿದ್ದೆ. ಎರಡು ದಿನ ಬಿಟ್ಟು ಅವರು ಹಿಡಿಯುತ್ತಿದ್ದರು. "ಮೊನ್ನೆ ನೀ ಹಾಂಗ್ ಹೇಳ್ಲಿಲ್ಲ." ಚಿಲ್ಲರೆ ಲೆಕ್ಕದಲ್ಲಿ ಎಂಟಾಣೆ ಬಿಡದವರು ಕಥೆಯಲ್ಲಿ ಬಿಡುತ್ತಾರಾ? ಮತ್ತೆ ಕ್ಯಾಸೆಟ್ ಹಿಂದೆ ತಿರುಗಿಸು, ಮತ್ತೆ ಕೇಳು. ಜರ್ಮನಿನ ಒಂದು ಪದ ಬಾರದ ಮನುಷ್ಯ ನನ್ನ ಜರ್ಮನಿನ ತಪ್ಪು ಹಿಡಿಯುತ್ತಿದ್ದದ್ದು ಹೀಗೆ.

ಇದು ನನ್ನೊಬ್ಬನ ಅದೃಷ್ಟದ ಕಥೆ ಅಂದುಕೊಳ್ಳಬೇಡಿ. ಆಸ್ಟ್ರೇಲಿಯಾದಲ್ಲಿ 1951ರಿಂದ, ಆಲಿಸ್ ಸ್ಪ್ರಿಂಗ್ಸ್ ಊರಿನಿಂದ, ದೂರದ ದನದ ಫಾರ್ಮ್‌ಗಳ ಮಕ್ಕಳಿಗೆ ರೇಡಿಯೋದಲ್ಲೇ ಶಾಲೆ ನಡೆಸಿದರು. ಎಲ್ಲರೂ ರೇಡಿಯೋ ಬಗ್ಗೆ ಮಾತಾಡುತ್ತಾರೆ. ಆದರೆ ಅಲ್ಲಿ ಮನೆಯಲ್ಲಿ ಮಗುವಿನ ಪಕ್ಕ ಕೂರಲು ಒಬ್ಬ ದೊಡ್ಡವರು ಬೇಕೇ ಬೇಕು. ಸಾಮಾನ್ಯವಾಗಿ ಅಮ್ಮ, ಇಲ್ಲವೇ ಅದಕ್ಕೆಂದೇ ಇಟ್ಟುಕೊಂಡವರು. ಹದಿನಾಲ್ಕು ಹದಿನೈದು ವರ್ಷದ ಮಗುವನ್ನು ಒಂದು ರೂಮಲ್ಲಿ ಕೂರಿಸಿ, ಬಾಗಿಲು ಹಾಕಿ, ಲ್ಯಾಪ್‌ಟಾಪ್ ಕೊಟ್ಟು "ಕಲಿ" ಅನ್ನುವ ಪದ್ಧತಿ ಅವರಲ್ಲಿಲ್ಲ.

ಈಗ ಒಬ್ಬ ಹುಡುಗನ ವಿಷಯ ಹೇಳಬೇಕು. ನನ್ನ ಜೊತೆಗೇ ಕೆಲಸಕ್ಕೆ ಸೇರಿದವನು, ನನಗಿಂತ ಚುರುಕು. ಎರಡು ಸಲ ಕೇಳಿದರೆ ಪಾಠವನ್ನು ಅದೇ ದನಿಯಲ್ಲಿ ಒಪ್ಪಿಸುತ್ತಿದ್ದ. ತುಟಿ ದುಂಡಗೆ ಮಾಡುವ ಸ್ವರ ಅವನಿಗೆ ಸಲೀಸು. ಅವನೂ ಕೊಲೋನ್‌ಗೆ ಕಾಗದ ಬರೆದ. ಆದರೆ ಅವನನ್ನು ಮೊದಲು ದಾದರ್‌ಗೆ, ಆಮೇಲೆ ಘಾಟ್ಕೋಪರ್‌ಗೆ ಕಳಿಸಿದರು. ಸಂಬಳ ಐವತ್ತು ರೂಪಾಯಿ ಜಾಸ್ತಿ ಅಂತ ಅವನೇ ಇನ್ನೊಂದು ಹೋಟೆಲ್‌ಗೆ ಹಾರಿದ. ಪುಸ್ತಕ ನಮ್ಮ ಹೋಟೆಲ್‌ಗೆ ಬಂದು ಗಲ್ಲೆಯ ಕೆಳಗೆ ಬಹಳ ದಿನ ಇತ್ತು. ರಾತ್ರಿ ಶಾಲೆಯೂ ಅವನಿಗೆ ತಪ್ಪಿತು. ಈಗ ನಿಮ್ಮ ಪ್ರಶ್ನೆ ಅವನಿಗೆ ಹಾಕಿ ನೋಡಿ. ಅವನಿಗೂ ಟೀಚರ್ ಇರಲಿಲ್ಲ, ನನಗೂ ಇರಲಿಲ್ಲ. ಹಾಗಾದರೆ ವ್ಯತ್ಯಾಸ ಎಲ್ಲಿ?

ನಾನೇನೂ ಕಷ್ಟಪಟ್ಟಿಲ್ಲ ಅಂತಲ್ಲ. ಪಟ್ಟಿದ್ದೇನೆ, ಅದರ ಪಾಲು ನನಗೆ ಬೇಕು. ಮುಂದೆ ಪರೀಕ್ಷೆಗಳನ್ನೂ ಕೊಟ್ಟೆ. ಈಗ ಠಾಣೆಯ ಒಂದು ಕಂಪನಿಯಲ್ಲಿ ಜರ್ಮನ್ ಯಂತ್ರಗಳ ಕೈಪಿಡಿ ಅನುವಾದ ಮಾಡುತ್ತೇನೆ, ಮನೆ ನಡೆಯುತ್ತಿದೆ. ಆದರೆ "ಒಬ್ಬನೇ ಕಲಿತ" ಅಂತ ಮೈಕಿನಲ್ಲಿ ಪರಿಚಯ ಮಾಡಿಸಿದಾಗ ನನಗೆ ಮುಜುಗರವಾಗುತ್ತದೆ. ನಾನು ಒಬ್ಬನೇ ಇದ್ದದ್ದು ಯಾವಾಗ?

ಆ ಅಪ್ಪನಿಗೆ ಮರುದಿನ ಫೋನ್ ಮಾಡಿ ಹೇಳಿದ್ದಿಷ್ಟು. ಮ್ಯಾಕ್ಸ್ ಮುಲ್ಲರ್ ಭವನದವರು ನಡೆಸುವ, ಬಿ1 ಅನ್ನುವ ಮಧ್ಯಮ ಹಂತದ ಜರ್ಮನ್ ಪರೀಕ್ಷೆಯಲ್ಲಿ ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು ಅಂತ ನಾಲ್ಕು ಭಾಗ. ಪ್ರತಿಯೊಂದಕ್ಕೂ ನೂರಕ್ಕೆ 60 ಬರಬೇಕು. ಮೂರರಲ್ಲಿ ಜಾಸ್ತಿ ತೆಗೆದು ನಾಲ್ಕನೆಯದನ್ನು ಮುಚ್ಚಿಡಲು ಆಗುವುದಿಲ್ಲ. ಹುಡುಗ ಮ್ಯೂಟಲ್ಲಿ ಇದ್ದುಕೊಂಡು ಮೂರು ಕಲಿಯಬಹುದು. ನಾಲ್ಕನೆಯದಕ್ಕೆ ಮನೆಯಲ್ಲಿ ಯಾರಾದರೂ ಬೇಕು. ಊಟಕ್ಕೆ ಕೂತಾಗ ಅವತ್ತಿನ ಪಾಠದಲ್ಲಿ ಯಾರು ಏನು ಮಾಡಿದರು ಅಂತ ಕೇಳಿ. ಕನ್ನಡದಲ್ಲೇ ಹೇಳಲಿ, ಪರವಾಗಿಲ್ಲ. ಸುಮ್ನೆ ಹೂಂ ಅನ್ನಬೇಡಿ. ಮೊನ್ನೆ ಹೇಳಿದ್ದಕ್ಕೂ ಇವತ್ತಿನದಕ್ಕೂ ತಾಳೆ ನೋಡಿ.

ಅವರು ಎಲ್ಲ ಕೇಳಿಸಿಕೊಂಡರು. ಕೊನೆಗೆ, "ಅದು ಸರಿ ಸರ್, ಯಾವ ಆನ್‌ಲೈನ್ ಕೋರ್ಸ್ ಒಳ್ಳೆಯದು?" ಅಂದರು.

ನನಗೆ ಗೊತ್ತಿಲ್ಲ. ನಾನು ಒಂದನ್ನೂ ಮಾಡಿಲ್ಲ.