ಒಂದೇ ಒಂದು ಕೋಶ

ಎರಡು ದಿನದಿಂದ ಪ್ಲನೇರಿಯಾ ಎಂಬ ಚಪ್ಪಟೆ ಹುಳು ನನ್ನ ತಲೆಯಿಂದ ಇಳಿಯುತ್ತಲೇ ಇಲ್ಲ. ಉಗುರಿನಷ್ಟು ಉದ್ದ, ಅಷ್ಟೇ. ಇದರ ತಲೆ ಕತ್ತರಿಸಿದರೆ ಹೊಸ ತಲೆ ಬರುತ್ತದೆ, ಕಣ್ಣು, ಮಿದುಳು ಎಲ್ಲ ಸೇರಿ. ಬಾಲದ ತುಂಡೂ ಇಡೀ ಹುಳುವಾಗುತ್ತದೆ. ಜೀವವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ 1898ರಲ್ಲೇ ಇದನ್ನು ಬರೆದಿಟ್ಟಿದ್ದರು. ದೇಹದ 279ನೇ ಒಂದು ಭಾಗದಷ್ಟು ಚೂರು ಸಾಕಂತೆ!

ಇದರ ಗುಟ್ಟು ನಿಯೋಬ್ಲಾಸ್ಟ್ ಎಂಬ ಸ್ಟೆಮ್ ಸೆಲ್‌ಗಳಲ್ಲಿದೆ, ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಮೂಲಕೋಶಗಳಲ್ಲಿ. ವಿಕಿರಣ ಹಾಯಿಸಿದರೆ ಇವು ಸಾಯುತ್ತವೆ. ಆಮೇಲೆ ಗಾಯವೇ ಆಗದಿದ್ದರೂ ಹುಳು ಕೆಲವು ವಾರಗಳಲ್ಲಿ ಕರಗಿಹೋಗುತ್ತದೆ. ಹಳೆಯ ಕೋಶಗಳ ಜಾಗಕ್ಕೆ ಹೊಸವು ಬರೋದೇ ಇಲ್ಲ, ಅಲ್ವಾ?

2011ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಪೀಟರ್ ರೆಡ್ಡಿಯನ್ ತಂಡ ಇಂಥ ಸಾಯುತ್ತಿದ್ದ ಹುಳುಗಳೊಳಗೆ ಇನ್ನೊಂದು ಹುಳುವಿನ ಒಂದೇ ಒಂದು ನಿಯೋಬ್ಲಾಸ್ಟ್ ಇಟ್ಟಿತು. ಎಲ್ಲವೂ ಬದುಕಲಿಲ್ಲ. ಆದರೆ ಕೆಲವು ಬದುಕಿದವು. ಆ ಒಂದು ಕೋಶ ಒಡೆದು ಒಡೆದು ನರ, ಕರುಳು, ಚರ್ಮ ಎಲ್ಲವನ್ನೂ ಕಟ್ಟಿತು. ಇದನ್ನು ಓದಿ ಸುಮ್ನೆ ಕೂತುಬಿಟ್ಟೆ.

ಹೊಸ ಕೋಶ ಹುಟ್ಟೋದು ಒಂದು ಮಾತು. ತಲೆ ಎಲ್ಲಿ, ಬಾಲ ಎಲ್ಲಿ ಅಂತ ಅದಕ್ಕೆ ಹೇಳುವವರು ಯಾರು? ಆ ಸುಳಿವು ಹೆಚ್ಚಾಗಿ ಸ್ನಾಯು ಕೋಶಗಳಿಂದ ಬರುತ್ತದೆ ಎಂದು ಅದೇ ತಂಡ ಮುಂದೆ ಕಂಡುಕೊಂಡಿತು. ಮೈ ಅಲುಗಾಡಿಸೋದಷ್ಟೇ ಸ್ನಾಯುವಿನ ಕೆಲಸ ಅಂದುಕೊಂಡಿದ್ದೆ ನಾನು. ಇಲ್ಲಿ ಅದು ದೇಹದ ನಕ್ಷೆಯನ್ನೂ ಇಟ್ಟುಕೊಂಡಿದೆ. ನಮ್ಮ ಮೈಯಲ್ಲೂ ಗಾಯ ಮಾಯುತ್ತದೆ, ಆದರೆ ಕಳೆದುಹೋದ ಬೆರಳು ಮತ್ತೆ ಬರೋದಿಲ್ಲ. ಈ ವ್ಯತ್ಯಾಸ ಎಲ್ಲಿಂದ ಶುರುವಾಯಿತು ಅನ್ನೋದನ್ನೇ ಇವತ್ತು ರಾತ್ರಿಯೂ ಓದುತ್ತಾ ಕೂತಿದ್ದೇನೆ.